ಗಾದೆ ವಿಸ್ತರಣೆ ಮತ್ತು ಮಂಡಿ ಚೀಟಿ

ಕನ್ನಡ ಪರೀಕ್ಷೆಯಲ್ಲಿ ‘ಗಾದೆ ವಿಸ್ತರಿಸಿ ಬರೆಯಿರಿ’ ಅನ್ನೋ ಪ್ರಶ್ನೆ ಕಂಡರೆ ಸಾಕು, ನಮ್ಮ ಮಕ್ಕಳ ಪೆನ್ನು ತಾನಾಗಿಯೇ ಓಡುತ್ತದೆ. ‘ಗಾದೆ ವೇದಕ್ಕೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು.’ ಇಷ್ಟು ಬರೆದ ಮೇಲೆ ಮುಂದಿನದು ಸಲೀಸು. ಗಾದೆಯ ಅರ್ಥ, ಎಲ್ಲೋ ಓದಿದ ಒಂದು ಕಥೆ, ಕೊನೆಗೆ ‘ಆದ್ದರಿಂದ ನಾವೆಲ್ಲರೂ’ ಎಂದು ಶುರುವಾಗುವ ಒಂದು ಬುದ್ಧಿಮಾತು.

ನಾನು ಕೋಲಾರದ ಹತ್ತಿರ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಗಾದೆಗಳೆಂದರೆ ನನಗೆ ತುಂಬಾ ಪ್ರೀತಿ. ಆದರೆ ಹದಿಮೂರು ವರ್ಷದ ಮಗು ‘ಇದು ಸುಳ್ಳಾಗಲು ಸಾಧ್ಯವೇ ಇಲ್ಲ’ ಎಂದು ಮೊದಲೇ ಬರೆದುಬಿಟ್ಟು ಆಮೇಲೆ ಯೋಚನೆಗೆ ಕೂರುವುದು ನನಗೆ ಸರಿ ಕಾಣುವುದಿಲ್ಲ. ಈ ಅಭ್ಯಾಸ ಗಾದೆಗೆ ನಿಲ್ಲುವುದಿಲ್ಲ. ಪ್ರಬಂಧಕ್ಕೂ ಬರುತ್ತದೆ. ‘ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿದ್ದಾರೆ.’ ‘ಹಳ್ಳಿಯ ಜೀವನವೇ ಶ್ರೇಷ್ಠ.’ ‘ಇಂದಿನ ಯುವಕರು ದಾರಿ ತಪ್ಪಿದ್ದಾರೆ.’ ಹದಿಮೂರು ವರ್ಷದವರು ಬರೆಯುವ ಸಾಲುಗಳು ಇವು! ‘ಹೇಗೆ ಗೊತ್ತು?’ ಎಂದು ಕೇಳಿದರೆ ತರಗತಿಗೆ ತರಗತಿಯೇ ಒಂದೇ ಉತ್ತರ ಕೊಡುತ್ತದೆ. “ಎಲ್ರಿಗೂ ಗೊತ್ತಲ್ಲ ಮಿಸ್.”

ಇವರು ದಡ್ಡರಲ್ಲ. ಇದೇ ಮಕ್ಕಳನ್ನು ಆಟದ ಮೈದಾನದಲ್ಲಿ ನೋಡಬೇಕು. ರನೌಟ್ ಆಯಿತೋ ಇಲ್ಲವೋ ಎಂಬ ಜಗಳದಲ್ಲಿ ‘ಎಲ್ರಿಗೂ ಗೊತ್ತು’ ಅನ್ನುವ ಮಾತು ನಡೆಯುವುದೇ ಇಲ್ಲ. ಬ್ಯಾಟ್ ಎಲ್ಲಿ ಊರಿತ್ತು, ಮಣ್ಣಿನಲ್ಲಿ ಗುರುತು ಎಲ್ಲಿದೆ, ಆಗ ಚೆಂಡು ಯಾರ ಕೈಯಲ್ಲಿತ್ತು, ನೋಡಿದವರು ಯಾರು, ಆ ನೋಡಿದವನು ಯಾವ ಟೀಮಿನವನು, ಎಲ್ಲವೂ ವಿಚಾರಣೆಗೆ ಬರುತ್ತವೆ. ‘ಅವ್ನು ನಿಮ್ ಟೀಮು, ಅವನ ಮಾತು ಬೇಡ’ ಎಂದು ಸಾಕ್ಷಿಯನ್ನೇ ತಳ್ಳಿಹಾಕುವಷ್ಟು ಚುರುಕು. ಆಧಾರ ಕೊಡುವುದು, ಕೇಳುವುದು ಎರಡೂ ಅವರಿಗೆ ಗೊತ್ತು. ಬರೆಯುವಾಗ ಮಾತ್ರ ಅದು ಬೇಕಿಲ್ಲ ಎಂದು ನಮ್ಮ ಶಾಲೆಗಳು ಅವರಿಗೆ ಕಲಿಸಿವೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇದ್ದರೆ ಸಾಕು, ಅಂಕ ಬೀಳುತ್ತದೆ. ಚರ್ಚಾ ಸ್ಪರ್ಧೆಯಲ್ಲಂತೂ ಪರವೋ ವಿರೋಧವೋ ಮೊದಲೇ ನಿರ್ಧಾರ. ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ, ನಡುವೆ ಒಂದು ವಚನ, ಒಂದು ತ್ರಿಪದಿ ಸೇರಿಸಿ, ಏರಿದ ದನಿಯಲ್ಲಿ ಹೇಳಿದವರಿಗೆ ಬಹುಮಾನ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅವತ್ತಿನ ಗಾದೆ ‘ಕೈ ಕೆಸರಾದರೆ ಬಾಯಿ ಮೊಸರು’. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ಇವಳು ಸುಮ್ನೆ ಕೂತಿದ್ದಳು. ಯಾಕಮ್ಮಾ ಎಂದೆ. “ಮಿಸ್, ನಮ್ಮಪ್ಪನ ಕೈ ಯಾವಾಗ್ಲೂ ಕೆಸರೇ. ಮೊಸರು ಎಲ್ಲಿ ಬಂತು?” ಎಂದಳು. ಅವಳ ದನಿಯಲ್ಲಿ ತುಂಟತನ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಅವರದು ಟೊಮೆಟೊ ಬೆಳೆಯುವ ಮನೆ.

“ಹಾಗಾದ್ರೆ ಅದನ್ನೇ ಬರಿ. ಆದ್ರೆ ಓದಿದೋರು ನಂಬಬೇಕಲ್ಲ, ಏನು ತೋರಿಸ್ತೀಯಾ?” ಎಂದೆ.

ಮರುದಿನ ಒಂದು ಪ್ಲಾಸ್ಟಿಕ್ ಕವರ್ ತಂದಳು. ಒಳಗೆ ಮಂಡಿ ಚೀಟಿಗಳು. ದಾರದಲ್ಲಿ ಪೋಣಿಸಿ ಗಂಟು ಹಾಕಿದ್ದವು. ಕೆಲವು ಕಾರ್ಬನ್ ಪ್ರತಿಗಳು, ನೀಲಿ ಅಕ್ಷರ ಮಾಸಿಹೋಗಿತ್ತು. ಕೆಲವಕ್ಕೆ ಟೊಮೆಟೊ ರಸದ ಕಲೆ ಹತ್ತಿ ಅಂಚು ಗಟ್ಟಿಯಾಗಿತ್ತು. ಪ್ರತಿ ಚೀಟಿಯಲ್ಲೂ ತಾರೀಕು, ಎಷ್ಟು ಬಾಕ್ಸ್, ಬಾಕ್ಸಿಗೆ ಎಷ್ಟು ರೇಟು, ಏನೇನು ಕಳೆದರು, ಕೈಗೆ ಬಂದದ್ದೆಷ್ಟು. ಕೋಲಾರದ ಮಾರುಕಟ್ಟೆಯಲ್ಲಿ ಒಂದು ಬಾಕ್ಸ್ ಅಂದರೆ 15 ಕೆ.ಜಿ. ಟೊಮೆಟೊ. ನಮ್ಮ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಎಂದು ಮಕ್ಕಳು ಪ್ರಬಂಧಗಳಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ. ಆ ಮಾರುಕಟ್ಟೆಯ ಚೀಟಿ ಅರ್ಧ ತರಗತಿಯವರ ಮನೆಯಲ್ಲೂ ಇರುತ್ತದೆ. ಆದರೂ ಅದು ಬರವಣಿಗೆಗೆ ಬರಬಹುದಾದ ವಸ್ತು ಎಂದು ಯಾರಿಗೂ ಹೊಳೆದಿರಲಿಲ್ಲ.

ಬೆಂಚು ಪಕ್ಕಕ್ಕೆ ಸರಿಸಿ ಚೀಟಿಗಳನ್ನು ನೆಲದ ಮೇಲೆ ಹರಡಿದೆವು. ವರ್ಷದ ಪ್ರಕಾರ ಜೋಡಿಸಿದೆವು. ಒಂದರಲ್ಲಿ ಬಾಕ್ಸಿಗೆ 60 ರೂಪಾಯಿ, ಇನ್ನೊಂದರಲ್ಲಿ 400. ಅದೇ ತೋಟ, ಅದೇ ಕೈ, ಅದೇ ಕೆಸರು. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು ನಿಂತ. “ಮಿಸ್, 2023ರಲ್ಲಿ ಬಾಕ್ಸು ಎರಡು ಸಾವಿರ ದಾಟಿತ್ತು. ನಮ್ ಚಿಕ್ಕಪ್ಪ ಕಾರು ತಗೊಂಡ್ರು. ಗಾದೆ ಸರಿಯಾಗೇ ಇದೆ.” ಅವನು ಹೇಳಿದ್ದು ನಿಜ. ಆ ವರ್ಷದ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿಗೂ ಮೇಲೆ ಹರಾಜಾಗಿತ್ತು. ಪತ್ರಿಕೆ, ಟಿವಿ ಎಲ್ಲ ಕಡೆ ಅದೇ ಸುದ್ದಿ.

ಹಾಗಾದರೆ ಇವಳ ಕವರಿನಲ್ಲಿ ಆ ಜುಲೈನ ಚೀಟಿ ಯಾಕಿಲ್ಲ? ಹುಡುಕಿದೆವು. ಒಂದೂ ಇಲ್ಲ. “ಆಗ ನಮ್ಗೆ ಎಲೆ ಮುದುರು ರೋಗ ಬಂದು ತೋಟ ಹೋಗಿತ್ತು” ಎಂದಳು. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು: “ಮಿಸ್, ತುಂಬಾ ಜನದ ತೋಟ ಹೋಗಿದ್ದಕ್ಕೇ ಅಲ್ವಾ ರೇಟು ಏರಿದ್ದು?” ಬಿಸಿಲು, ರೋಗ, ಮಳೆ ಎಲ್ಲ ಸೇರಿ ಮಾರುಕಟ್ಟೆಗೆ ಮಾಲು ಕಡಿಮೆ ಬಂದದ್ದರಿಂದಲೇ ಬೆಲೆ ಆಕಾಶಕ್ಕೆ ಹೋಯಿತು. ಅಂದರೆ ಚಿಕ್ಕಪ್ಪನ ಕಾರು ಮತ್ತು ಇವಳ ಖಾಲಿ ಜುಲೈ ಎರಡೂ ಒಂದೇ ಕಥೆಯ ಎರಡು ತುದಿ. ಲಾಭ ಬಂದವನ ಮನೆಯ ಮುಂದೆ ಕಾರು ನಿಲ್ಲುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆಳೆ ಹೋದವನ ಮನೆಯಲ್ಲಿ ತೋರಿಸಲು ಏನೂ ಇರುವುದಿಲ್ಲ, ಚೀಟಿಯೂ ಇರುವುದಿಲ್ಲ. ಇಲ್ಲದ ಚೀಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುವುದು ದೊಡ್ಡವರಿಗೇ ಹೊಳೆಯುವುದು ಕಷ್ಟ. ಆ ಮಕ್ಕಳು ಅದನ್ನು ನೆಲದ ಮೇಲೆ ಕೂತು ಕಂಡುಕೊಂಡರು.

ಅವಳ ಮೊದಲ ಕರಡಿನಲ್ಲಿ ‘ಎಷ್ಟು ಕಷ್ಟಪಟ್ಟರೂ ಏನೂ ಸಿಗುವುದಿಲ್ಲ’ ಎಂದಿತ್ತು. ನೋವು ಅರ್ಥವಾಗುತ್ತದೆ. ಆದರೆ ಆ ವಾಕ್ಯವೂ ಗಾದೆಯಷ್ಟೇ ದೊಡ್ಡದು. ಒಂದು ‘ಯಾವಾಗಲೂ’ ತೆಗೆದು ಇನ್ನೊಂದು ‘ಯಾವಾಗಲೂ’ ಇಟ್ಟರೆ ಏನು ಬಂತು? ‘ಈ ಚೀಟಿಗಳು ಅಷ್ಟು ಹೇಳ್ತವಾ?’ ಎಂದು ಕೇಳಿದೆ. ಯಾರ ಮನೆ? ನಮ್ಮ ಮನೆ. ಯಾವ ಬೆಳೆ? ಟೊಮೆಟೊ. ಯಾವ ವರ್ಷಗಳು? ಚೀಟಿ ಇರುವ ವರ್ಷಗಳು. ಇನ್ನೂ ಒಂದು ತೊಡಕಿತ್ತು. ಚೀಟಿ ಹೇಳುವುದು ಬಂದ ದುಡ್ಡನ್ನು ಮಾತ್ರ. ಸಸಿ, ಗೊಬ್ಬರ, ಔಷಧಿ, ಗಿಡಕ್ಕೆ ಊರಲು ಕಡ್ಡಿ, ಕಟ್ಟಲು ದಾರ, ಬಿಡಿಸುವವರ ಕೂಲಿ, ಮಂಡಿಗೆ ಟೆಂಪೋ ಬಾಡಿಗೆ, ಇವು ಯಾವುದಕ್ಕೂ ಕಾಗದ ಇಲ್ಲ. ಅಪ್ಪ ನೆನಪಿನಿಂದ ಹೇಳಿದ್ದಾರೆ. ಅದನ್ನು ‘ಅಪ್ಪ ಹೇಳಿದಂತೆ’ ಎಂದೇ ಬರೆಯಬೇಕು ಎಂದು ಅವಳೇ ತೀರ್ಮಾನಿಸಿದಳು.

ಕೊನೆಗೆ ಅವಳು ಬರೆದದ್ದು ಇದು: ‘ಕೈ ಕೆಸರಾಗದೆ ಮೊಸರು ಸಿಗುವುದಿಲ್ಲ, ಇದು ನಮ್ಮ ಮನೆಯಲ್ಲೂ ನಿಜ. ಆದರೆ ಕೈ ಕೆಸರಾದವರಿಗೆಲ್ಲ ಮೊಸರು ಸಿಗುತ್ತದೆ ಎಂದು ನಮ್ಮ ಅಪ್ಪನ ಚೀಟಿಗಳು ಹೇಳುವುದಿಲ್ಲ.’ ನಾನು ಓದಿದ ಗಾದೆ ವಿಸ್ತರಣೆಗಳಲ್ಲೇ ಇದು ಶ್ರೇಷ್ಠವಾದದ್ದು. ಗಾದೆಯನ್ನು ಅವಳು ಬಿಸಾಡಲಿಲ್ಲ. ಅದರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದಳು.

ಅಂದಿನಿಂದ ನಾನು ತರಗತಿಯಲ್ಲಿ ಜಾಸ್ತಿ ಹೇಳುವ ಮಾತು ಎಂದರೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ಆಧಾರ ಹಾಸಿಗೆ, ಅಭಿಪ್ರಾಯ ಕಾಲು. ಮೂರು ಮನೆಯವರನ್ನು ಕೇಳಿ ಬಂದು ‘ರೈತರೆಲ್ಲರೂ’ ಎಂದು ಬರೆಯಬಾರದು. ‘ನಾನು ಕೇಳಿದ ಮೂರು ಮನೆಗಳಲ್ಲಿ’ ಎಂದು ಬರೆಯಬೇಕು. ಹೀಗೆ ಬರೆದರೆ ವಾಕ್ಯದ ಗತ್ತು ಹೋಗುತ್ತದೆ ಎಂದು ಮಕ್ಕಳಿಗೆ ಮೊದಮೊದಲು ಬೇಜಾರು. ಒಂದೆರಡು ಸಲ ಬರೆದ ಮೇಲೆ ಬೇಜಾರು ಹೋಗುತ್ತದೆ. ಯಾಕೆಂದರೆ ಆ ವಾಕ್ಯವನ್ನು ಯಾರೂ ಬೀಳಿಸಲಾರರು ಎಂದು ಅವರಿಗೇ ತಿಳಿಯುತ್ತದೆ.

ಇನ್ನೊಂದು ಪದ್ಧತಿ ನಮ್ಮ ತರಗತಿಯಲ್ಲೇ ಹುಟ್ಟಿಕೊಂಡಿತು. ನೋಟ್‌ಬುಕ್ಕಿನ ಅಂಚಿನಲ್ಲಿ ಪ್ರತಿ ಮುಖ್ಯ ವಾಕ್ಯದ ಪಕ್ಕ ಒಂದು ಅಕ್ಷರ. ಕಣ್ಣಾರೆ ನೋಡಿದ್ದಾದರೆ ‘ನೋ’. ಇನ್ನೊಬ್ಬರಿಂದ ಕೇಳಿದ್ದಾದರೆ ‘ಕೇ’. ಓದಿದ್ದಾದರೆ ‘ಓ’. ಯಾವುದೂ ಅಲ್ಲದಿದ್ದರೆ ಜಾಗ ಖಾಲಿ. ಮೊದಲ ವಾರ ಹೆಚ್ಚಿನವರ ಅಂಚು ಖಾಲಿಯೇ ಇತ್ತು, ಮತ್ತು ಅದನ್ನು ಕಂಡು ಗಾಬರಿಯಾದವರು ಅವರೇ. ನಾನು ಕೆಂಪು ಪೆನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. ನಮ್ಮ ಕಡೆ ಅನೇಕ ಮನೆಗಳಲ್ಲಿ ಮಾತು ತೆಲುಗು. ಅಜ್ಜಿಯನ್ನು ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ‘ಕೇ’ ಹಾಕುವ ಮಗು ಎಷ್ಟು ಜೋಪಾನವಾಗಿ ಬರೆಯುತ್ತದೆ ಗೊತ್ತಾ? ಅಜ್ಜಿ ಹೇಳಿದ್ದಕ್ಕಿಂತ ಒಂದು ಪದ ಜಾಸ್ತಿ ಆಗಬಾರದು ಎನ್ನುವ ಎಚ್ಚರ ತಾನಾಗಿಯೇ ಬರುತ್ತದೆ.

ಎಲ್ಲಕ್ಕಿಂತ ಕಷ್ಟದ ವಿಷಯ ನೀರು. ಕೋಲಾರದಲ್ಲಿ ನೀರಿನ ಬಗ್ಗೆ ಅಭಿಪ್ರಾಯ ಇಲ್ಲದ ಮನುಷ್ಯನೇ ಇಲ್ಲ. ಸಾವಿರ ಅಡಿ ದಾಟಿ ಕೊರೆದರೂ ಬರೀ ದೂಳು ಬಂದ ಬೋರ್‌ವೆಲ್‌ಗಳನ್ನು ನೋಡಿಕೊಂಡೇ ಬೆಳೆದ ಮಕ್ಕಳಿವರು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, ಒಟ್ಟು 126 ಕೆರೆಗಳು ಎಂಬುದು ಯೋಜನೆ. ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಕಂಡಿತು, ವಿಷಯ ಹೈಕೋರ್ಟಿಗೆ ಹೋಯಿತು, ನೀರು ನಿಂತಿತು, ಮತ್ತೆ ಹರಿಯಿತು. ಅಂತರ್ಜಲ ಮರುಪೂರಣಕ್ಕೆ ಇದು ವರ ಎನ್ನುವವರು ಒಂದು ಕಡೆ, ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಇದು ವಿಷ ಎನ್ನುವವರು ಇನ್ನೊಂದು ಕಡೆ.

ಹತ್ತನೇ ತರಗತಿಯವರಿಗೆ ಈ ವಿಷಯ ಕೊಟ್ಟಾಗ ಅರ್ಧ ಜನ ‘ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಬೋರ್‌ವೆಲ್‌ಗಳಲ್ಲಿ ನೀರು ಬಂತು’ ಎಂದು ಬರೆದರು. ಅಂಚಿನಲ್ಲಿ ‘ನೋ’. ನೋಡಿದ್ದೇ, ಸುಳ್ಳಲ್ಲ. ಆದರೆ 2021ರ ನವೆಂಬರಿನಲ್ಲಿ ಈ ಭಾಗದಲ್ಲಿ ಸುರಿದ ಮಳೆ? ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವಲ್ಲ, ಅದನ್ನೂ ಈ ಮಕ್ಕಳೇ ನೋಡಿದ್ದರು. ಪೈಪಿನ ನೀರೂ ಬಂತು, ಮಳೆಯೂ ಬಂತು. ಬೋರ್‌ವೆಲ್ ತುಂಬಿದ್ದು ಯಾವುದರಿಂದ? ಒಂದರ ಹಿಂದೆ ಒಂದು ಬಂತು ಎಂದ ಮಾತ್ರಕ್ಕೆ ಅದರಿಂದಲೇ ಬಂತು ಎನ್ನಬಹುದಾ?

ಈ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತೆ. ಉತ್ತರ ಹೇಳುವ ಆಸೆಯನ್ನು ತಡೆದುಕೊಳ್ಳುವುದು ಮೇಷ್ಟ್ರುಗಳಿಗೆ ಬಲು ಕಷ್ಟ. ಕೊನೆಗೆ ಒಬ್ಬ ಹುಡುಗ ಹೇಳಿದ: “ಮಿಸ್, ನಮ್ಮತ್ತೆ ಊರಿಗೆ ಪೈಪಿನ ನೀರು ಬಂದಿಲ್ಲ. ಮಳೆ ಮಾತ್ರ ಬಂದಿದೆ. ಅಲ್ಲಿ ಕೇಳ್ಕೊಂಡು ಬರ್ಲಾ?” ನನಗೆ ಅವತ್ತು ಆದ ಸಂತೋಷವನ್ನು ಹೇಗೆ ಹೇಳಲಿ! ಹೋಲಿಸಿ ನೋಡಲು ಇನ್ನೊಂದು ಊರು ಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವಿಜ್ಞಾನಿಗಳು ಮಾಡುವುದೂ ಇದನ್ನೇ ತಾನೇ.

ಹೋಗಿ ಬಂದ. ಅತ್ತೆಯ ಊರಿನಲ್ಲೂ ಮಳೆಯ ವರ್ಷ ನೀರು ಏರಿತ್ತಂತೆ. ಆದರೆ ಬೇಸಿಗೆಯ ಹೊತ್ತಿಗೆ ಮತ್ತೆ ಇಳಿಯಿತು ಎಂದು ಕೆಲವರು, ಇಲ್ಲ ಎಂದು ಕೆಲವರು. ಎರಡು ಊರಿನ ಮಣ್ಣು ಬೇರೆ, ಬೋರ್‌ವೆಲ್‌ಗಳ ಆಳ ಬೇರೆ, ಬೆಳೆ ಬೇರೆ. ಅವನ ಗುಂಪಿನ ಪ್ರಬಂಧ ಹೀಗೆ ಮುಗಿಯಿತು: ‘ಮಳೆಯಿಂದ ನೀರು ಏರಿತು ಎಂದು ನಾವು ಹೇಳಬಲ್ಲೆವು. ಪೈಪಿನ ನೀರಿನಿಂದ ಎಷ್ಟು ಏರಿತು ಎಂದು ಹೇಳಲು ನಮ್ಮ ಹತ್ತಿರ ಇರುವುದು ಸಾಲದು. ಬೇಸಿಗೆಯ ಲೆಕ್ಕ ಬೇಕು.’ ಪೂರ್ತಿ ಅಂಕ ಕೊಟ್ಟೆ. ತೀರ್ಮಾನವೇ ಇಲ್ಲದ ಪ್ರಬಂಧಕ್ಕೆ ಪೂರ್ತಿ ಅಂಕವೇ ಎಂದು ಸ್ಟಾಫ್‌ರೂಮಿನಲ್ಲಿ ಕೇಳಿದರು. ಏನು ಗೊತ್ತು, ಏನು ಗೊತ್ತಿಲ್ಲ, ಗೊತ್ತಾಗಲು ಏನು ಬೇಕು, ಮೂರನ್ನೂ ಬರೆದಿದ್ದಾರೆ. ಇದಕ್ಕಿಂತ ಒಳ್ಳೆಯ ತೀರ್ಮಾನ ನನಗೆ ಬೇರೆ ಬೇಡ.

ತರಗತಿಯಲ್ಲಿ ಇಷ್ಟೆಲ್ಲ ನಡೆಯುತ್ತದೆ. ತೊಂದರೆ ಮನೆಯಲ್ಲಿ. ‘ಹೇಗೆ ಗೊತ್ತು?’ ಎಂದು ತಾತನನ್ನು ಕೇಳಿದ ಮಗುವಿಗೆ ‘ಎದುರು ಮಾತಾಡ್ತೀಯಾ?’ ಎಂಬ ಗದರಿಕೆ ಸಿಗುತ್ತದೆ. ಒಬ್ಬ ತಾಯಿ ಶಾಲೆಗೇ ಬಂದು, “ಮಿಸ್, ನೀವು ಹೇಳ್ಕೊಟ್ಟ ಮೇಲೆ ಎಲ್ಲಾದಕ್ಕೂ ಪ್ರಶ್ನೆ ಕೇಳ್ತಾಳೆ, ದೊಡ್ಡೋರು ಚಿಕ್ಕೋರು ಅಂತಿಲ್ಲ” ಎಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ನಮ್ಮ ಮನೆಗಳಲ್ಲಿ ಹಿರಿಯರನ್ನು ‘ನಿಮಗೆ ಹೇಗೆ ಗೊತ್ತು’ ಎಂದು ನೇರವಾಗಿ ಕೇಳುವುದು ಒರಟಾಗಿಯೇ ಕೇಳಿಸುತ್ತದೆ. ಹಾಗಾಗಿ ಪ್ರಶ್ನೆಯ ರೂಪ ಬದಲಾಯಿಸಿದೆವು. ‘ತಾತಾ, ಇದು ನೀವೇ ನೋಡಿದ್ದಾ, ಇಲ್ಲ ನಿಮಗೆ ಯಾರಾದರೂ ಹೇಳಿದ್ದಾ?’ ಎಷ್ಟು ವ್ಯತ್ಯಾಸ ನೋಡಿ. ಈ ಪ್ರಶ್ನೆಗೆ ಯಾವ ತಾತನೂ ಸಿಟ್ಟಾಗುವುದಿಲ್ಲ. ‘ನಾನೇ ನೋಡಿದ್ದು, ಕೂತ್ಕೋ ಹೇಳ್ತೀನಿ’ ಎಂದು ಶುರು ಮಾಡುತ್ತಾರೆ.

ಈ ವಿಷಯದಲ್ಲಿ ನಾನು ಮಕ್ಕಳಿಗೆ ಎಚ್. ನರಸಿಂಹಯ್ಯನವರ ಬಗ್ಗೆ ಹೇಳುತ್ತೇನೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಲ್ಲ ಪ್ರಬಂಧಗಳಲ್ಲೂ ಬರುತ್ತಾರೆ, ಬರಬೇಕಾದವರೇ. ಅದೇ ಚಿಕ್ಕಬಳ್ಳಾಪುರ ಸೀಮೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್ಚೆನ್, ಅಂದರೆ ಈ ನರಸಿಂಹಯ್ಯನವರು, ಮಾತ್ರ ಮಕ್ಕಳಿಗೆ ಗೊತ್ತೇ ಇಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಅವರು ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ನಮ್ಮ ಮುಂದೆ ತೋರಿಸಿ ಎಂದು ಕೇಳಿದರು. ಆ ಪರೀಕ್ಷೆ ನಡೆಯಲಿಲ್ಲ. ಅದೇ ವರ್ಷ ಸಂವಿಧಾನಕ್ಕೆ 42ನೇ ತಿದ್ದುಪಡಿ ಆಗಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು. ಅವರ ಎಲ್ಲ ನಿಲುವನ್ನೂ ಮಕ್ಕಳು ಒಪ್ಪಬೇಕಾಗಿಲ್ಲ. ಪ್ರಶ್ನೆ ಕೇಳುವುದು ಎಲ್ಲಿಂದಲೋ ಬಂದ ಚಾಳಿಯಲ್ಲ, ನಮ್ಮ ಸೀಮೆಯ ಮನುಷ್ಯನೇ ಕೇಳಿದ್ದ ಎಂದು ಗೊತ್ತಿದ್ದರೆ ಸಾಕು.

ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಪಾಠ ಮುಗಿಸಿ, ರಿಸಲ್ಟ್ ತನ್ನಿ ಎನ್ನುವವರಿಗೆ ನಾನು 2018ನ್ನು ನೆನಪಿಸುತ್ತೇನೆ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ಊರೂರು ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಏನೂ ತಪ್ಪು ಮಾಡದ ಮನುಷ್ಯರನ್ನು ಜನ ಹೊಡೆದು ಕೊಂದರು. ಹೊಡೆದವರು ಶಾಲೆಗೆ ಹೋಗದವರೇನಲ್ಲ. ಫೋನಿನಲ್ಲಿ ಬಂದದ್ದನ್ನು ಓದಬಲ್ಲವರು. ‘ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’ ಎಂಬ ಗಾದೆಯನ್ನು ಅವರಲ್ಲಿ ಎಷ್ಟೋ ಜನ ವಿಸ್ತರಿಸಿ ಬರೆದು ಅಂಕವನ್ನೂ ತೆಗೆದುಕೊಂಡಿರಬಹುದು. ಅಂತೆ ಕಂತೆಗಳ ಮುಂದೆ ಒಂದು ನಿಮಿಷ ನಿಂತು ‘ಇದು ನೀನು ನೋಡಿದ್ದಾ, ಕೇಳಿದ್ದಾ?’ ಎನ್ನುವ ಒಬ್ಬನಾದರೂ ಗುಂಪಿನಲ್ಲಿ ಇದ್ದಿದ್ದರೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಪರೀಕ್ಷೆಯ ಭಯ ಇದ್ದೇ ಇದೆ. ಮೌಲ್ಯಮಾಪನ ಮಾಡುವವರು ‘ವೇದ ಸುಳ್ಳಾದರೂ’ ಹುಡುಕುತ್ತಾರೇನೋ ಎಂದು ಮಕ್ಕಳಿಗೆ ಆತಂಕ. ಬೇಕಾದರೆ ಆ ಸಾಲು ಬರೆಯಿರಿ, ಕಥೆಯ ಜಾಗದಲ್ಲಿ ಮಾತ್ರ ನೀವು ನೋಡಿದ್ದನ್ನು ಬರೆಯಿರಿ ಎನ್ನುತ್ತೇನೆ. ಬರೆದವರಿಗೆ ಅಂಕವೇನೂ ಕಡಿಮೆಯಾಗಿಲ್ಲ. ಸಮಯ ಸಾಲದು ಎನ್ನುವುದು ನಿಜವಾದ ಮಾತು. ನಾನು ವಾರಕ್ಕೊಂದು ಪ್ರಬಂಧ ಬರೆಸುವುದು ಬಿಟ್ಟು ತಿಂಗಳಿಗೊಂದು ಬರೆಸುತ್ತೇನೆ. ಮೂರು ವಾರ ಕೇಳುವುದು, ನೋಡುವುದು, ಎಣಿಸುವುದು. ಒಂದು ವಾರ ಬರೆಯುವುದು. ಅಭಿಪ್ರಾಯ ಏನು ಎಂದು ಮೊದಲ ವಾರ ಯಾರೂ ಹೇಳುವಂತಿಲ್ಲ. ಮೊದಲೇ ಹೇಳಿಬಿಟ್ಟರೆ ಮಗು ಅದಕ್ಕೆ ತಕ್ಕ ಆಧಾರ ಮಾತ್ರ ಹುಡುಕುತ್ತದೆ, ತಕ್ಕುದಲ್ಲದ್ದು ಕಣ್ಣಿಗೇ ಬೀಳುವುದಿಲ್ಲ.

ಈ ತಿಂಗಳು ಎಂಟನೇ ತರಗತಿಯವರು ತಮ್ಮ ಊರಿನ ಗುಡಿಯ ಹಿಂದೆ ಬಿದ್ದಿದ್ದಾರೆ. ‘ನಮ್ಮೂರ ದೇವಸ್ಥಾನ ಚೋಳರ ಕಾಲದ್ದು’ ಎಂದು ಕೋಲಾರದಲ್ಲಿ ಎಲ್ಲ ಊರಿನವರೂ ಹೇಳುತ್ತಾರೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳು ಇರುವುದು ನಿಜ. ಹಾಗೆಂದು ಇವರ ಊರಿನ ಗುಡಿಯೂ ಆ ಕಾಲದ್ದೇ ಆಗಬೇಕಿಲ್ಲವಲ್ಲ. ಗುಡಿಯ ಪಕ್ಕ ಒಂದು ಕಲ್ಲು ಅರ್ಧ ಹೂತುಕೊಂಡಿದೆ, ಮೇಲೆ ಅಕ್ಷರಗಳಿವೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ, 1905ರಲ್ಲಿ ಬಂದದ್ದು, ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದೇ. ಆಗಿನ ಕೋಲಾರ ಜಿಲ್ಲೆ ಎಂದರೆ ಈಗಿನ ಚಿಕ್ಕಬಳ್ಳಾಪುರವೂ ಸೇರಿ. ಅದರಲ್ಲಿ ತಾಲ್ಲೂಕು ಹಿಡಿದು ಊರಿನ ಹೆಸರು ಹುಡುಕುವ ಕೆಲಸ ಇಬ್ಬರು ಹುಡುಗಿಯರದು. ಕಲ್ಲಿನ ಮೇಲೆ ನೀರು ಹಾಕಿ ಒರೆಸಿ, ಓರೆ ಬೆಳಕಿನಲ್ಲಿ ಫೋಟೋ ತೆಗೆಯುವುದು ಇನ್ನಿಬ್ಬರದು. ಸುಣ್ಣ, ಬಣ್ಣ ಬಳಿಯಬಾರದು ಎಂದು ಗಟ್ಟಿಯಾಗಿ ಹೇಳಿದ್ದೇನೆ. ಪೂಜಾರಪ್ಪನವರನ್ನು ಮಾತಾಡಿಸುವ ಹುಡುಗನ ನೋಟ್‌ಬುಕ್ಕಿನಲ್ಲಿ ಈಗಾಗಲೇ ಎರಡು ಪುಟ ತುಂಬ ‘ಕೇ’ ಇದೆ. ಹಳೆಯ ಅಕ್ಷರ ಓದಬಲ್ಲವರು ಕೋಲಾರದ ಸುತ್ತಮುತ್ತ ಯಾರಾದರೂ ಇದ್ದರೆ, ಒಂದು ಶನಿವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು ಬನ್ನಿ. ಕಲ್ಲಿನಲ್ಲಿ ಚೋಳರು ಇದ್ದಾರೋ ಇಲ್ಲವೋ, ಮಕ್ಕಳು ಎರಡಕ್ಕೂ ತಯಾರಾಗಿದ್ದಾರೆ.